ಮಂಜಿನಲ್ಲಿ ಹರಿಗೋಲು

ಕನ್ನಂಬಾಡಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಹರಿಗೋಲು ದೊಡ್ಡ ಆಧಾರ. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ದುಂಡಗಿನ ಈ ದೋಣಿಗೆ ಹಿಂದು ಮುಂದೆಂಬುದಿಲ್ಲ. ಹುಟ್ಟು ತುಸು ತಪ್ಪಿದರೂ ಸುತ್ತುತ್ತದೆ. ದಡ ಕಾಣುವಾಗ ಇದರಿಂದ ಬಾಧೆಯಿಲ್ಲ. ಮಂಜು ಕವಿದಾಗ ಮಾತ್ರ ದಿಕ್ಕೇ ತಪ್ಪುತ್ತದೆ.

ಚಳಿಗಾಲದ ಇರುಳು ನೆಲ ತಣ್ಣಗಾದಾಗ ಅದರ ಮೇಲಿನ ತೇವದ ಗಾಳಿಯೂ ತಣಿದು, ಆವಿಯು ಹನಿಗಟ್ಟಿ ಮಂಜಾಗುತ್ತದೆ. ಬಿಸಿಲೇರಿದಂತೆ ಅದು ಕರಗುತ್ತದೆ.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ಹರಿವೇ ದಿಕ್ಕು ಹೇಳೀತು. 1911ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಆ ಸುಳಿವು ದೊರೆಯದು. ಆದುದರಿಂದ ಅಲ್ಲಿಗೆ ಹೋಗುವವರು ದಿಕ್ಸೂಚಿ, ಸೀಟಿ, ಜೀವರಕ್ಷಕ ಅಂಗಿಗಳನ್ನು ಒಯ್ಯತಕ್ಕದ್ದು. ಮಂಜು ಕವಿದರೆ ಹುಟ್ಟು ನಿಲ್ಲಿಸಿ, ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು, ದಡದ ದನಿಗೆ ಕಿವಿಗೊಟ್ಟು, ಬಿಸಿಲಿಗಾಗಿ ಕಾಯಬೇಕು. ಮೀನು ನಾಳೆಯೂ ಸಿಕ್ಕೀತು.