ಅಪ್ಪಯ್ಯನ ಕರ್ಣ, ಅಣ್ಣನ ವಿಸಿಆರ್

ಬೂಷ್ಟು ಹಿಡಿದ ವಿಡಿಯೋ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಬೇಡಿ. ಇಷ್ಟು ಹೇಳಲು ಒಂದು ಲೇಖನ ಬೇಕೇ ಎನ್ನುವವರಿಗೆ ನಮ್ಮ ಅಣ್ಣನ ಪರಿಚಯವಿಲ್ಲ.

ಶಿರಸಿ ಸೀಮೆಯ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಬರುವುದು ಮಾಮೂಲು. ಮೆತ್ತಿನ ಮೇಲೆ ಟ್ರಂಕಿನಲ್ಲಿಟ್ಟ ಕ್ಯಾಸೆಟ್ಟನ್ನು ಅದು ಬಿಟ್ಟೀತೇ? ಡಬ್ಬಿಯ ಪಾರದರ್ಶಕ ಕಿಂಡಿಯಲ್ಲಿ ನೋಡಿದರೆ ಕಪ್ಪು ಸುರುಳಿಯ ಮೇಲೆ ಬಿಳಿ ಪುಡಿ ಎದ್ದು ಕಾಣುತ್ತಿತ್ತು. 1993ರಲ್ಲಿ ಹೊಸ ಮನೆಯ ಒಕ್ಕಲಿನ ರಾತ್ರಿ ಅಂಗಳದಲ್ಲಿ ನಡೆದ ತಾಳಮದ್ದಳೆಯ ಕ್ಯಾಸೆಟ್ಟು ಅದು. ಪ್ರಸಂಗ ಕರ್ಣಭೇದನ, ಅಪ್ಪಯ್ಯನದು ಕರ್ಣ. ಪೇಟೆಯಿಂದ ಬಂದ ಸ್ಟುಡಿಯೋದವನು ಹೆಗಲ ಮೇಲಿನ ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದ. ಪಕ್ಕದಲ್ಲಿ ಒಬ್ಬ ಹುಡುಗ ಲೈಟು ಹಿಡಿದು ನಿಂತಿದ್ದ. ಅದಕ್ಕೆ ಮುತ್ತಿದ ಹುಳುಗಳೆಲ್ಲ ಭಾಗವತರ ಮೈಮೇಲೆ. ಅಪ್ಪಯ್ಯ ತೀರಿಕೊಂಡ ಮೇಲೆ ಹುಡುಕಿದರೆ ಫೋಟೋಗಳು ಬೇಕಾದಷ್ಟು ಸಿಕ್ಕವು. ಧ್ವನಿ ಇದ್ದದ್ದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದ ನಾಲ್ಕಾರು ಜನ ಕೂತು ಮಾತಿನಲ್ಲೇ ಕುರುಕ್ಷೇತ್ರ ಕಟ್ಟುತ್ತಾರೆ. ಚಿತ್ರ ಹೋದರೆ ಅರ್ಧ ನಷ್ಟ, ಮಾತು ಹೋದರೆ ಏನೂ ಉಳಿಯುವುದಿಲ್ಲ. ಇದನ್ನು ಅಣ್ಣನಿಗೆ ಮೊದಲೇ ಹೇಳಿದ್ದೆ. ಧಾರವಾಡದಲ್ಲಿ ತಿಳಿದವರೊಬ್ಬರನ್ನು ವಿಚಾರಿಸುತ್ತಿದ್ದೇನೆ, ಅಲ್ಲಿಯವರೆಗೆ ಮುಟ್ಟಬೇಡ ಎಂದೂ ಹೇಳಿದ್ದೆ. ಆದರೆ ಅವನಿಗೆ ವರ್ಷಾಂತಿಕಕ್ಕೆ ಬರುವ ನೆಂಟರ ಮುಂದೆ ತೋರಿಸುವ ಆತುರ. ಎಂದೋ ಬಾಗಿಲು ಹಾಕಿದ ವಿಡಿಯೋ ಲೈಬ್ರರಿಯವನ ಮನೆಯಿಂದ ಒಂದು ವಿಸಿಆರ್ ಹೊತ್ತು ತಂದ.

"ತಂಗೀ, ಹೆದರಡ. ಒಂದ್ಸಲ ಹಾಕಿ ನೋಡನ, ಎಂತೂ ಆಗ್ತಿಲ್ಲೆ."

ಆಡಿಯೋ ಕ್ಯಾಸೆಟ್ಟಿನ ಹಾಗೆ ಹೆಡ್ಡು ಬಂದು ಟೇಪಿಗೆ ತಾಗಿ ನಿಲ್ಲುತ್ತದೆ ಎಂದು ಅವನ ಎಣಿಕೆ. ವಿಸಿಆರ್ ಕೆಲಸ ಮಾಡುವುದೇ ಬೇರೆ ರೀತಿ. ಎರಡು ಕಂಬಿಗಳು ಟೇಪನ್ನು ಡಬ್ಬಿಯಿಂದ ಹೊರಗೆಳೆದು ಹೊಳೆಯುವ ಡ್ರಮ್ಮೊಂದಕ್ಕೆ ಸುತ್ತುತ್ತವೆ. ನಮ್ಮ ಪಾಲ್ ಪದ್ಧತಿಯಲ್ಲಿ ಆ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಟೇಪು ತಲೆಗೂದಲಿಗಿಂತ ತೆಳ್ಳಗಿನದು. ಬೂಷ್ಟಿನಿಂದ ಸುರುಳಿಯ ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಗತಿ ಏನು?

ಕ್ಯಾಸೆಟ್ ಒಳಗೆ ಹೋಯಿತು. ಮೊದಲು ನೀಲಿ ಪರದೆ, ಆಮೇಲೆ ಅಂಗಳದ ಚಪ್ಪರ, ಜನ. ಅಣ್ಣ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ. ಆಯಿ ಕನ್ನಡಕ ಒರೆಸಿಕೊಂಡು ಮುಂದೆ ಸರಿದು ಕೂತಳು. ಚೆಂಡೆಯ ಪೆಟ್ಟು ಎರಡು ಕೇಳಿರಬಹುದು, ಪರದೆ ತುಂಬ ಗೆರೆ ಬಂದವು, ಗೆರೆಗಳ ಹಿಂದೆಯೇ ಬಿಳಿ ಚುಕ್ಕಿ ಎದ್ದು ಚಿತ್ರ ಅಳಿಸಿಹೋಯಿತು. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡಿತ್ತು. ನಿಲ್ಲಿಸು ಎಂದೆ. ತಡಿ, ಸರಿಯಾಗ್ತದೆ ಎಂದು ಅವನು ಮುಂದಕ್ಕೆ ಓಡಿಸುವ ಗುಂಡಿ ಒತ್ತಿದ. ಒಳಗಿಂದ ಕಿರ್ರೆಂಬ ಸದ್ದು ಬಂತು, ಅದರ ಹಿಂದೆ ಟಕ್ಕೆಂದಿತು. ಅಂಟಿದ ಸುರುಳಿ ತಿರುಗಲಿಲ್ಲ, ಟೇಪನ್ನು ಎಳೆಯುವ ರಬ್ಬರ್ ಉರುಳೆ ಮಾತ್ರ ತನ್ನ ಪಾಡಿಗೆ ಎಳೆಯುತ್ತಲೇ ಇತ್ತು. ಇನ್ನು ಬಿಟ್ಟರೆ ಕೆಟ್ಟೀತೆಂದು ಅವನೇ ಹೊರತೆಗೆಯುವ ಗುಂಡಿ ಒತ್ತಿದ. ಡಬ್ಬಿ ಹೊರಗೆ ಬಂತು. ಟೇಪು ಬರಲಿಲ್ಲ. ಡಬ್ಬಿಯ ಬಾಯಿಂದ ಯಂತ್ರದ ಬಾಯಿಯವರೆಗೆ ಕಪ್ಪು ಪಟ್ಟಿ ಜೋತುಬಿತ್ತು.

ಅಲ್ಲಿಗೆ ಬಿಟ್ಟಿದ್ದರೂ ಸಾಕಿತ್ತು. ಕರೆಂಟು ತೆಗೆ, ಮುಚ್ಚಳ ಬಿಚ್ಚೋಣ ಎಂದು ನಾನು ಹೇಳುತ್ತಿರುವಾಗಲೇ ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಬಳ್ಳಿ ಮೆಣಸು ಕೊಯ್ಯುವವನ ಕೈ ಅದು, ಸಡಿಲಾಗಿ ಹಿಡಿದು ಗೊತ್ತಿಲ್ಲ. ಒಂದು ಮಾರುದ್ದ ಬಂತು, ಅಂಚೆಲ್ಲ ಸುಕ್ಕು. ಮತ್ತೆ ಎಳೆದ. ತುಂಡಾಯಿತು. ಆಯಿ ಎದ್ದು ಒಳಗೆ ಹೋದಳು. ಅತ್ತಿಗೆ ಅಡುಗೆಮನೆಯಿಂದ ಕತ್ತರಿ ಮತ್ತು ಸೆಲ್ಲೋಟೇಪು ಹಿಡಿದು ಬಂದಳು, ಪಾಪ, ಅವಳು ಸಹಾಯ ಮಾಡಲೆಂದೇ. ಎರಡನ್ನೂ ಕಸಿದುಕೊಂಡೆ. ಆವತ್ತು ನಾನು ಆಡಿದ ಮಾತು ಜಾಸ್ತಿಯಾಯಿತು ಎಂದು ಅಣ್ಣ ಈಗಲೂ ನೆಂಟರ ಹತ್ತಿರ ಹೇಳುತ್ತಾನೆ. ನನ್ನ ಲೆಕ್ಕದಲ್ಲಿ ಕಡಿಮೆಯೇ ಆಯಿತು.

ಸೆಲ್ಲೋಟೇಪು ಯಾಕೆ ಬೇಡವೆಂದರೆ, ಅದರ ಅಂಟು ಒಸರಿ ಹೆಡ್ಡಿಗೆ ಹತ್ತುತ್ತದೆ. ಟೇಪು ಸಿಕ್ಕಿಕೊಂಡರೆ ಪ್ಲಗ್ಗು ಕಿತ್ತು, ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಕಂಬಿಗಳನ್ನು ಓಡಿಸುವ ಮೋಟಾರಿನ ಗಾಲಿಯನ್ನು ಬೆರಳಿನಿಂದ ನಿಧಾನ ಹಿಂದಕ್ಕೆ ತಿರುಗಿಸಬೇಕು, ಟೇಪು ತಾನಾಗಿ ಸಡಿಲಾಗುತ್ತದೆ. ಉಳಿದದ್ದನ್ನು ನಾನು ಹಾಗೇ ಬಿಡಿಸಿದ್ದು.

ಮುಂದಿನ ಅಧ್ಯಾಯವೂ ಅಣ್ಣನದೇ. ನನ್ನನ್ನು ಕೇಳದೆ, ತುಂಡಾಗದ ಇನ್ನೊಂದು ಕ್ಯಾಸೆಟ್ಟನ್ನು, ಅಂದರೆ ಅವನದೇ ಮದುವೆಯದನ್ನು, ಹುಬ್ಬಳ್ಳಿಯ ಒಂದು ಅಂಗಡಿಗೆ ಕೊಟ್ಟ. ಡಿವಿಡಿ ಬಂತು. ಚೌಕಟ್ಟು ಈಗಿನ ಟೀವಿಯ ಅಳತೆಗೆ ಜಗ್ಗಿ, ಹುಡುಗಿಯಾಗಿದ್ದಾಗಿನ ಅತ್ತಿಗೆಯೂ ದಪ್ಪ, ಪುರೋಹಿತರೂ ದಪ್ಪ. ಮಂತ್ರದ ಧ್ವನಿ ಅಳಿಸಿ ಕೊಳಲು ತುಂಬಿದ್ದರು. ಧಾರೆ ಮುಗಿದ ಕೂಡಲೇ ಪರದೆಯ ಮೇಲೆ ಗುಲಾಬಿ ಹೂ ಉದುರುತ್ತಿತ್ತು. ಒರಿಜಿನಲ್ ಧ್ವನಿಯ ಫೈಲು ಕೊಡಿ ಎಂದರೆ, ಡಿಲೀಟ್ ಮಾಡಿದ್ದೇವೆ ಎಂಬ ಉತ್ತರ. ಹಾಗಾಗಿ ಕೊಡುವ ಮುಂಚೆಯೇ ಬರೆದು ಕೊಡಿ: ಸಂಗೀತ ಬೇಡ, ಹೂ ಬೇಡ, ಜಗ್ಗುವುದು ಬೇಡ, ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಬೇಕು. ಪಾಲ್ ಟೇಪಿಗೆ 720 ಅಡ್ಡ, 576 ಉದ್ದದ ಬಿಂದುಗಳ ಫೈಲು ಕೇಳಿ, ತೋರಿಸುವಾಗ ಅಳತೆ ನಾಲ್ಕಕ್ಕೆ ಮೂರು. ಡಿವಿ ರೂಪದಲ್ಲಿ ಕೊಟ್ಟರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಅದಕ್ಕೆ ಹೆದರಬೇಡಿ. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆ ಓಡಿಯೇ ಫೈಲಾಗಬೇಕು, ಬೇರೆ ದಾರಿಯಿಲ್ಲ. ಚಾ ಕುಡಿದು ಬನ್ನಿ, ಅಷ್ಟರಲ್ಲಿ ಮುಗಿಸುತ್ತೇವೆ ಎನ್ನುವ ಅಂಗಡಿಯಿಂದ ಚಾ ಕುಡಿಯದೇ ಹೊರಡಿ.

ನಾನು ವಿಚಾರಿಸಿದ್ದ ಧಾರವಾಡದವರು ಕಲರ್ ಟೀವಿ ಬಂದ ಕಾಲದಿಂದ ರಿಪೇರಿ ಮಾಡಿದವರು, ಈಗ ಮನೆಯಲ್ಲೇ ಇದ್ದಾರೆ. ತುಂಡಾದ ಟೇಪನ್ನು ಬೆಳಕಿಗೆ ಹಿಡಿದವರೇ ಕೇಳಿದರು: "ಅಕ್ಕಾರ, ಇದನ್ನ ಯಾರರ ಕೈಲೆ ಜಗ್ಗ್ಯಾರೇನ್ರಿ?" ಅಣ್ಣನ ಹೆಸರು ಹೇಳಲಿಲ್ಲ, ಮನೆಯ ಮರ್ಯಾದೆ.

ಅವರು ಮಾಡಿದ ಕೆಲಸ ಬಹಳ ನಿಧಾನದ್ದು. ಮೊದಲು ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಮುಚ್ಚಿಟ್ಟು ಒಣಗಿಸಿದರು. ಮೂಗು ಬಾಯಿ ಕಟ್ಟಿಕೊಂಡು, ಕಿಟಕಿ ತೆಗೆದು, ಅಡಿಯ ಐದು ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನು ಹೊರಗೆ ತೆಗೆದರು. ಬೂಷ್ಟನ್ನು ನೂಲು ಬಿಡದ ಬಟ್ಟೆಯಲ್ಲಿ ಕೈಯಿಂದಲೇ ಸುತ್ತುತ್ತ ಒರೆಸಿದರು. ಸುಕ್ಕಾದ ತುದಿಯನ್ನು ಜೋಡಿಸಲು ಹೋಗಲಿಲ್ಲ. ಯಾವುದೋ ಹಳೆಯ ಸಿನಿಮಾ ಕ್ಯಾಸೆಟ್ಟುಗಳ ಖಾಲಿ ಡಬ್ಬಿ ತಂದು ಎರಡು ತುಂಡನ್ನೂ ಬೇರೆ ಬೇರೆ ಕ್ಯಾಸೆಟ್ಟಾಗಿಯೇ ಕಟ್ಟಿದರು. ಹೆಡ್ಡು ಒರೆಸಲು ಹತ್ತಿಕಡ್ಡಿ ಬಳಸಬಾರದಂತೆ. ನೂಲು ಸಿಕ್ಕಿ ಹೆಡ್ಡೇ ಮುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಯಿಸಿದ ಮೃದುವಾದ ಚರ್ಮದ ತುಂಡನ್ನು ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಲ್ಲಿ ತಿರುಗಿಸಬೇಕು. ಇದು ಬರೀ ನೋಡಿದರೆ ಬರುವ ಕೆಲಸವಲ್ಲ.

ವಿಸಿಆರಿನಿಂದ ಕಂಪ್ಯೂಟರಿಗೆ ಹೋಗಲು ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ತುಂಡು ಸಿಗುತ್ತದೆ. ನಾನೂ ಒಂದು ತರಿಸಿ ಬೇರೆ ಕ್ಯಾಸೆಟ್ಟಿನಲ್ಲಿ ಪ್ರಯತ್ನಿಸಿದ್ದೆ. ಟೇಪು ಕಂಪಿಸಿದ ಕಡೆ ಅದು ಚಿತ್ರಗಳನ್ನು ಬಿಡುತ್ತ ಹೋಗಿ, ಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಧಾರವಾಡದವರು ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ಇಟ್ಟರು. ರೆಕಾರ್ಡು ಮಾಡಲಿಕ್ಕಲ್ಲ, ಸಿಗ್ನಲ್ಲನ್ನು ಅದರೊಳಗಿಂದ ಹಾಯಿಸಲಿಕ್ಕೆ. ಕಂಪನ ಬಹುಪಾಲು ಅಲ್ಲೇ ನಿಂತಿತು.

ನನ್ನ ತಮ್ಮ ನ್ಯೂಜೆರ್ಸಿಯಿಂದ ಕಳಿಸಿದ್ದ ನಾಮಕರಣದ ಕ್ಯಾಸೆಟ್ಟೂ ಅಲ್ಲೇ ಬದುಕಿತು. ಊರಿನ ವಿಸಿಆರಿನಲ್ಲಿ ಅದು ಕಪ್ಪುಬಿಳುಪಾಗಿ ಉರುಳುತ್ತಿತ್ತು, ಹಾಳಾಗಿದೆ ಎಂದು ಎಸೆಯುವುದರಲ್ಲಿದ್ದರು. ಅಮೆರಿಕದ್ದು ಎನ್‌ಟಿಎಸ್‌ಸಿ ಪದ್ಧತಿ, ಅದನ್ನೂ ಓದಬಲ್ಲ ಯಂತ್ರ ಬೇಕು, ಅಷ್ಟೇ. ಹೊಸ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು, ಹಾಗಾಗಿ ಇರುವ ಯಂತ್ರವನ್ನು ಗುಜರಿಗೆ ಹಾಕಬೇಡಿ. ಸಣ್ಣ ಮಿನಿ ಡಿವಿ ಕ್ಯಾಸೆಟ್ಟು ಉಳ್ಳವರು ಅದರ ಕ್ಯಾಮೆರಾವನ್ನೂ ಬಿಡಬೇಡಿ.

ಕರ್ಣಭೇದನ ಹೆಚ್ಚುಕಮ್ಮಿ ಪೂರ್ತಿ ಬಂತು. ವಿಎಚ್‌ಎಸ್ ಟೇಪಿನಲ್ಲಿ ಚಿತ್ರ ಓರೆ ಗೆರೆಗಳಾಗಿ ನಡುವೆ ಹರಡಿರುತ್ತದೆ. ಮಾಮೂಲು ಕ್ಯಾಮೆರಾದ ಧ್ವನಿ ಮೇಲಂಚಿನಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ. ಅಂಚು ಸುಕ್ಕಾದರೆ ಮೊದಲು ಹೋಗುವುದು ಮಾತು. ಸುರುಳಿ ಮಧ್ಯದಲ್ಲಿ ನಿಂತಿದ್ದ ಕ್ಯಾಸೆಟ್ಟು ಅದು, ಅಣ್ಣ ಎಳೆದ ಜಾಗ ಎಲ್ಲಿ ಬಿತ್ತೆಂದರೆ, ನೀನು ಕುಂತಿಯ ಮಗ ಎಂದು ಕೃಷ್ಣ ಹೇಳಿ ಮುಗಿಸಿದ್ದಾನೆ, ಕರ್ಣ ಉತ್ತರ ಕೊಡಬೇಕು. ಅಪ್ಪಯ್ಯ ಶಲ್ಯ ಸರಿಪಡಿಸಿಕೊಳ್ಳುತ್ತಾರೆ, ಕೈ ಎತ್ತುತ್ತಾರೆ, ತುಟಿ ಆಡುತ್ತದೆ. ಕೇಳುವುದು ಗೊರಗೊರ ಸದ್ದು. ಮಾತು ಮರಳಿ ತಿಳಿಯಾಗುವ ಹೊತ್ತಿಗೆ ಕರ್ಣ ಕೃಷ್ಣನನ್ನು ಬೀಳ್ಕೊಡುತ್ತಿದ್ದಾನೆ.

ವರ್ಷಾಂತಿಕದ ರಾತ್ರಿ ನೆಂಟರ ಮುಂದೆ ಹಾಕಿದಾಗ ಆ ಜಾಗಕ್ಕೆ ಬರುತ್ತಲೇ ಅಣ್ಣ ಎದ್ದು ನಿಂತು, ಸ್ಟುಡಿಯೋದವನ ಮೈಕು ಆಗಲೇ ಸರಿಯಿರಲಿಲ್ಲ ಎಂದು ವಿವರಿಸಿದ. ಆಯಿಯ ಮುಂದೆ ನಾನು ಬಾಯಿ ಬಿಡಲಿಲ್ಲ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸು ಎಂದು ಈಗ ಎಲ್ಲರ ದುಂಬಾಲು. ಅದರಲ್ಲಿ ಹಾಕಿದರೆ ಕುಗ್ಗಿ ಕೆಡುತ್ತದೆಂದು ಪೆನ್‌ಡ್ರೈವಿನಲ್ಲೇ ಕೊಡುತ್ತಿದ್ದೇನೆ, ಎರಡು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಟ್ಟಿದ್ದೇನೆ, ಒಂದು ತಮ್ಮನ ಮನೆಗೆ ಹೋಗಿದೆ. ಟ್ರಂಕಿನ ಉಳಿದ ಕ್ಯಾಸೆಟ್ಟುಗಳನ್ನೆಲ್ಲ ಧಾರವಾಡಕ್ಕೆ ತಂದುಬಿಟ್ಟೆ. ಅಪ್ಪಯ್ಯನ ಆಸ್ತಿಯನ್ನು ತಂಗಿ ಸಾಗಿಸಿದಳೆಂದು ಊರಲ್ಲಿ ಸುದ್ದಿಯಾಗಿದೆ, ಆಗಲಿ. ವಿಸಿಆರ್ ಮಾತ್ರ ಅಣ್ಣನ ಹತ್ತಿರವೇ ಇದೆ. ಲೈಬ್ರರಿಯವನಿಗೆ ವಾಪಸು ಕೊಡು ಎಂದರೆ, ಇರಲಿ, ಬೇಕಾದೀತು ಎನ್ನುತ್ತಾನೆ.