ಕರಾರುಪತ್ರ ಟ್ರೇಲರನ್ನು ಹಿಡಿದು ನಿಲ್ಲಿಸುವುದಿಲ್ಲ

ನನ್ನ ಭಾವ ಅಮೆರಿಕದ ಆಸ್ಟಿನ್ ಹತ್ತಿರ, ಟ್ರಕ್ಕಿನ ಬೆಡ್‌ನಲ್ಲಿರುವ ಹಿಚ್‌ಗೆ ಜೋಡಿಸಿ ಎಳೆಯುವ ಫಿಫ್ತ್ ವೀಲ್ ಕ್ಯಾಂಪಿಂಗ್ ಟ್ರೇಲರ್ ಕೊಂಡು ಎರಡು ವರ್ಷವಾಯಿತು. ಚೌಕಾಸಿಯೆಲ್ಲ ಮುಗಿದು ಸಾಲದ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಫೈನಾನ್ಸ್ ಮೇಜಿನವರು ಇನ್ನೊಂದು ಹಾಳೆ ಮುಂದಿಟ್ಟರು. ಏಳು ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟ್, ಬೆಲೆ 4,200 ಡಾಲರ್. ಈಗ ಕೈಯಿಂದ ಏನೂ ಕೊಡಬೇಕಾಗಿಲ್ಲ, ಸಾಲಕ್ಕೇ ಸೇರಿಸುತ್ತೇವೆ, ತಿಂಗಳ ಕಂತು ನಲವತ್ತೊಂದು ಡಾಲರ್ ಹೆಚ್ಚುತ್ತದೆ ಅಷ್ಟೆ ಎಂದರು. ಭಾವ ನನ್ನ ಕಡೆ ತಿರುಗಿ, "ಇಷ್ಟು ದೊಡ್ಡ ಗಾಡಿ ಎಳ್ಕೊಂಡು ಓಡಾಡ್ತೀವಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದು ಆಧಾರ ಇರ್ಲಿ ಬಿಡು" ಎಂದು ಸಹಿ ಹಾಕಿದರು.

ಆ ಹೆಚ್ಚುಕಮ್ಮಿ ಈ ವರ್ಷ ಮಕ್ಕಳ ಸ್ಪ್ರಿಂಗ್ ಬ್ರೇಕ್‌ನಲ್ಲಿ ಆಯಿತು. ಎರಡು ಮನೆಯವರೂ ಹಿಲ್ ಕಂಟ್ರಿಯ ಒಂದು ಕ್ಯಾಂಪ್‌ಗ್ರೌಂಡಿನಿಂದ ಹೊರಡುತ್ತಿದ್ದೆವು. ಭಾವ ಟ್ರಕ್ ಹಿಂದಕ್ಕೆ ತಂದರು, ಹಿಚ್ ಖಟ್ ಎಂದಿತು, ಹಿಡಿಕೆ ಒಳಗೆ ಹೋಯಿತು. ವೈರು ಜೋಡಿಸಿ, ಟೇಲ್‌ಗೇಟ್ ಮುಚ್ಚಿ, ಟ್ರೇಲರಿನ ಮುಂಗಾಲಾದ ಲ್ಯಾಂಡಿಂಗ್ ಗೇರ್ ಪೂರ್ತಿ ಮೇಲೆತ್ತಿ ಹೊರಟರು. ಟ್ರಕ್ ಒಂದು ಮಾರು ದೂರ ಹೋಗಿರಬೇಕು, ಹಿಚ್‌ನಲ್ಲಿ ಸಿಕ್ಕಿಕೊಂಡಿರಬೇಕಾದ ಕಿಂಗ್‌ಪಿನ್ ಜಾರಿ ಟ್ರೇಲರಿನ ಮೂತಿ ಬೆಡ್‌ನ ಎರಡೂ ಅಂಚಿನ ಮೇಲೆ ಕುಸಿಯಿತು. ಯಾರ ಕೈಕಾಲಿಗೂ ಏನೂ ಆಗಲಿಲ್ಲ, ಅದೇ ದೊಡ್ಡದು. ಆದರೆ 12,000 ಪೌಂಡಿನ ಟ್ರೇಲರಿನಲ್ಲಿ ಐದನೇ ಒಂದು ಭಾಗ ಪಿನ್ ಮೇಲೆ ಕೂತಿರುತ್ತದೆ. 2,400 ಪೌಂಡ್ ಒಮ್ಮೆಲೇ ಬಿದ್ದರೆ ತಗಡು ತಡೆಯುವುದಿಲ್ಲ. ಭಾವನದು 2019ರ ಫೋರ್ಡ್ ಸೂಪರ್ ಡ್ಯೂಟಿ. 2017ರ ಮಾದರಿಯಿಂದ ಅದರ ಮೈಯೆಲ್ಲ ಅಲ್ಯೂಮಿನಿಯಂ, ಅದನ್ನು ತಟ್ಟಿ ಸರಿಮಾಡುವ ವರ್ಕ್‌ಶಾಪ್ ಬೇರೆ, ದರವೂ ಬೇರೆ. ಎರಡು ಪಕ್ಕ, ಟೇಲ್‌ಗೇಟ್, ಬಣ್ಣ ಎಲ್ಲ ಸೇರಿ ಅಂದಾಜು 6,400 ಡಾಲರ್ ಬಂತು.

ಅಕ್ಕ ಅಂದು ಸಂಜೆಯೇ ಕಾಂಟ್ರ್ಯಾಕ್ಟಿನವರಿಗೆ ಫೋನ್ ಮಾಡಿದಳು. ಉತ್ತರ ಚಿಕ್ಕದಾಗಿತ್ತು. ಟ್ರೇಲರಿನ ಒಳಗಿನ ಭಾಗ ತಾನಾಗಿ ಕೆಟ್ಟರೆ ಮಾತ್ರ ನಮ್ಮದು. ಅಪಘಾತ ನಮ್ಮದಲ್ಲ, ಜೋಡಿಸುವಾಗಿನ ತಪ್ಪು ನಮ್ಮದಲ್ಲ, ಟ್ರಕ್ ಅಂತೂ ನಮಗೆ ಸಂಬಂಧವೇ ಇಲ್ಲ. ಅವರು ಸುಳ್ಳು ಹೇಳಲಿಲ್ಲ. ಹಾಳೆಯ ಹಿಂಬದಿಯಲ್ಲಿ ಇದೆಲ್ಲ ಅಚ್ಚಾಗಿಯೇ ಇತ್ತು.

ಈ ಸರಕಿನ ಮೇಲೆ ನನಗೆ ತಾಳ್ಮೆ ಉಳಿದಿಲ್ಲ. ಅದನ್ನು ಮಾರುವುದು ಭಯ ತೋರಿಸಿ. ಆದರೆ ಕೊಳ್ಳುವವರ ಮನಸ್ಸಿನಲ್ಲಿರುವ ಭಯ, ರಸ್ತೆಯಲ್ಲಿ ಟ್ರೇಲರ್ ಕಳಚಿಕೊಂಡರೆ ಎನ್ನುವುದು, ಅದರ ವ್ಯಾಪ್ತಿಗೇ ಬರುವುದಿಲ್ಲ. ಮೊದಲ ವರ್ಷ ಹೇಗೂ ತಯಾರಕರ ವಾರಂಟಿ ಇತ್ತು, ಹಾಗಾಗಿ ಏಳರಲ್ಲಿ ಒಂದು ವರ್ಷ ಎರಡೆರಡು ಕಡೆ ದುಡ್ಡು ಕೊಟ್ಟಂತಾಯಿತು. ಇನ್ನುಳಿದ ವರ್ಷಗಳಲ್ಲಿ ಸವೆತ ಸೇರುವುದಿಲ್ಲ, ನೀರು ಸೋರಿ ಆದ ಹಾನಿ ಸೇರುವುದಿಲ್ಲ, ಸರ್ವಿಸ್ ರಸೀದಿ ತೋರಿಸದಿದ್ದರೆ ಯಾವುದೂ ಸೇರುವುದಿಲ್ಲ. ಟ್ರೇಲರಿನಲ್ಲಿ ಮಾಮೂಲಿಯಾಗಿ ಆಗುವುದು ಸವೆತ ಮತ್ತು ಸೋರಿಕೆ ಎರಡೇ.

ತಿಂಗಳಿಗೆ ನಲವತ್ತೊಂದು ಎಂಬ ಮಾತನ್ನು ಮಾತ್ರ ನಾನು ಬಿಡುವವನಲ್ಲ. ಭಾವನ ಸಾಲ 15 ವರ್ಷದ್ದು, ಬಡ್ಡಿ ಶೇ 8.5. 4,200 ಡಾಲರನ್ನು ಅದಕ್ಕೆ ಸೇರಿಸಿದರೆ ಕಂತು 41.36 ಡಾಲರ್ ಏರುತ್ತದೆ, ಅಷ್ಟರ ಮಟ್ಟಿಗೆ ಮೇಜಿನವರು ಹೇಳಿದ್ದು ನಿಜ. 180 ಕಂತಿಗೆ ಗುಣಿಸಿ: 7,445 ಡಾಲರ್. ಅಂದರೆ ಕಾಗದದ ಬೆಲೆ 4,200, ಅದರ ಬಡ್ಡಿ 3,245. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕಾಂಟ್ರ್ಯಾಕ್ಟ್ ಮುಗಿಯುವುದು ಏಳನೇ ವರ್ಷಕ್ಕೆ. ಅಷ್ಟರಲ್ಲಿ 84 ಕಂತು ಕಟ್ಟಿರುತ್ತಾರೆ, 3,474 ಡಾಲರ್. ಆದರೆ ಸಾಲದ ಮೊದಲ ವರ್ಷಗಳಲ್ಲಿ ಕಂತಿನ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದಲ್ಲ, ಅದರಿಂದ ಆ ದಿನ ಈ 4,200ರಲ್ಲಿ 2,874 ಡಾಲರ್ ಅಸಲು ಹಾಗೆಯೇ ನಿಂತಿರುತ್ತದೆ. ರಕ್ಷಣೆ ಮುಗಿದು ಹೋದ ಮೇಲೆ ಇನ್ನೂ ಎಂಟು ವರ್ಷ, 96 ತಿಂಗಳು, ಇಲ್ಲದ ರಕ್ಷಣೆಗೆ ಕಂತು ಕಟ್ಟುತ್ತಿರಬೇಕು. ಈ ಲೆಕ್ಕವನ್ನು ಅಕ್ಕನ ಅಡುಗೆಮನೆ ಮೇಜಿನ ಮೇಲೆ ಬರೆದು ತೋರಿಸಿದಾಗ ಭಾವ ಬಹಳ ಹೊತ್ತು ಮಾತಾಡಲಿಲ್ಲ. "ಇದನ್ನ ಅವತ್ತೇ ಯಾರಾದ್ರೂ ಹೇಳ್ಬೇಕಿತ್ತಲ್ಲ" ಎಂದರು. ಅವತ್ತು ಹೇಳುವವರು ಯಾರು? ಆ ಮೇಜಿನಲ್ಲಿ ಕೂತವರ ಕಮಿಷನ್ ಅದರಲ್ಲಿರುತ್ತದೆ.

ಟ್ರಕ್ಕಿನ ರಿಪೇರಿಗೆ ಕೊನೆಗೆ ಆದದ್ದು ಮಾಮೂಲಿ ಕೊಲಿಷನ್ ವಿಮೆ. 1,000 ಡಾಲರ್ ಡಿಡಕ್ಟಿಬಲ್ ಕಳೆದು ಉಳಿದದ್ದನ್ನು ಕೊಟ್ಟರು. ಟ್ರೇಲರಿನ ಮುಂಭಾಗದ ಗೀರು ಅದರದೇ ಪಾಲಿಸಿಯ ಡಿಡಕ್ಟಿಬಲ್‌ಗಿಂತ ಕಡಿಮೆಯಿತ್ತು, ಅದು ಕೈಯಿಂದ ಹೋಯಿತು. ನವೀಕರಣದಲ್ಲಿ ಪ್ರೀಮಿಯಂ ಏರಿತು. ವಿಮೆ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ.

ಇನ್ನು ಟ್ರೇಲರ್ ಬೀಳದಂತೆ ತಡೆಯುವ ಮಾತು. ಆ ದಿನ ಬೀಳಲು ಕಾರಣ ಹಿಚ್ ಕೆಟ್ಟದ್ದಲ್ಲ. ನೆಲ ಇಳಿಜಾರಾಗಿತ್ತು, ಕಿಂಗ್‌ಪಿನ್ ಹಿಚ್ ಪ್ಲೇಟಿಗಿಂತ ಎತ್ತರದಲ್ಲಿತ್ತು. ಪಿನ್ನನ್ನು ಹಿಡಿಯುವ ಹಿಚ್‌ನ ದವಡೆ, ಅಂದರೆ ಜಾ, ಮುಚ್ಚಿಕೊಂಡಿತು ನಿಜ. ಆದರೆ ಪಿನ್ನಿನ ಸಣ್ಣ ಕಂಠವನ್ನು ಕಚ್ಚುವ ಬದಲು ಕೆಳಗಿನ ದಪ್ಪ ಅಂಚನ್ನು ಅಲ್ಪಸ್ವಲ್ಪ ಹಿಡಿಯಿತು. ಹಿಡಿಕೆ ನೋಡಿದರೆ ಎಲ್ಲ ಸರಿ ಎನ್ನಿಸುತ್ತದೆ, ಸದ್ದೂ ಸರಿಯಾಗಿಯೇ ಕೇಳುತ್ತದೆ. ಅದಕ್ಕೇ ಸದ್ದನ್ನು ನಂಬಬಾರದು.

ಹಿಂದಕ್ಕೆ ಬರುವ ಮೊದಲೇ ಲ್ಯಾಂಡಿಂಗ್ ಗೇರ್ ಇಳಿಸಿ-ಏರಿಸಿ ಟ್ರೇಲರಿನ ಪ್ಲೇಟನ್ನು ಹಿಚ್‌ಗಿಂತ ಅರ್ಧ ಅಂಗುಲದಷ್ಟು ತಗ್ಗಿಗೆ ತರಬೇಕು. ಟ್ರಕ್ ಒಳಗೆ ಬರುವಾಗ ಟ್ರೇಲರ್ ತುಸು ಮೇಲೆದ್ದು ಕೂರಬೇಕು, ಅದು ಕಣ್ಣಿಗೆ ಕಾಣುತ್ತದೆ. ಎದ್ದದ್ದು ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಆಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಬೇಕು: ಎರಡು ಪ್ಲೇಟಿನ ನಡುವೆ ಬೆಳಕು ತೂರಬಾರದು, ಜಾ ಪಿನ್ನಿನ ಕಂಠದ ಸುತ್ತ ಪೂರ್ತಿ ಮುಚ್ಚಿರಬೇಕು. ಇಷ್ಟಾದ ಮೇಲೂ ಗೇರನ್ನು ಪೂರ್ತಿ ಎತ್ತಬೇಡಿ. ಟ್ರೇಲರಿನ ಚಕ್ರಕ್ಕೆ ಅಡ್ಡಗಟ್ಟೆ ಹಾಗೇ ಇರಲಿ, ಗೇರಿನ ಪಾದ ನೆಲದಿಂದ ಅರ್ಧ ಅಂಗುಲ ಮೇಲಿರಲಿ, ಟ್ರಕ್ಕಿನೊಳಗಿನ ಬ್ರೇಕ್ ಕಂಟ್ರೋಲರಿನಿಂದ ಟ್ರೇಲರ್ ಬ್ರೇಕ್ ಹಿಡಿದುಕೊಂಡು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಜಾ ಸರಿಯಾಗಿ ಹಿಡಿದಿಲ್ಲವಾದರೆ ಪಿನ್ ಆಗಲೇ ಜಾರುತ್ತದೆ, ಟ್ರೇಲರ್ ಬೀಳುವುದು ಅರ್ಧ ಅಂಗುಲ, ಅದೂ ತನ್ನ ಕಾಲಿನ ಮೇಲೆ. ಬೆಡ್ ಉಳಿಯುತ್ತದೆ.

ಇದು ನನ್ನ ಕಲ್ಪನೆಯ ವಿಧಾನವಲ್ಲ. ಅಮೆರಿಕದಲ್ಲಿ ವಾಣಿಜ್ಯ ಲಾರಿಯ ಲೈಸೆನ್ಸ್ ಪಡೆಯುವವರ ಕೈಪಿಡಿಯಲ್ಲಿ ಪ್ಲೇಟಿನ ನಡುವೆ ಸಂದು ನೋಡುವುದು, ಅಡಿಯಲ್ಲಿ ಬಗ್ಗಿ ಜಾ ನೋಡುವುದು, ಗೇರ್ ತುಸುವೇ ಎತ್ತಿ ಎಳೆದು ನೋಡುವುದು ಎಲ್ಲ ಇದೆ. ನಮ್ಮ ತುಮಕೂರು ರಸ್ತೆಯಲ್ಲಿ ಓಡುವ ಕಂಟೇನರ್ ಟ್ರೇಲರುಗಳೂ ಇದೇ ಪ್ಲೇಟು, ಇದೇ ಪಿನ್ನನ್ನು ನಂಬಿದವು. ದುಡಿಯುವ ಡ್ರೈವರಿಗೆ ಇದನ್ನು ಕಲಿಸಿ ಪರೀಕ್ಷೆ ಮಾಡುತ್ತಾರೆ. ಭಾವನಂಥವರ ಗಾಡಿಗೆ ಮಾಮೂಲಿ ಲೈಸೆನ್ಸೇ ಸಾಕು, ಕಲಿಸುವವರಿಲ್ಲ. ಡೀಲರಿನ ಅಂಗಳದಲ್ಲಿ ಹಿಚ್ ತೋರಿಸಿದ್ದು ಎರಡು ನಿಮಿಷ, ಫೈನಾನ್ಸ್ ಮೇಜಿನಲ್ಲಿ ಕೂರಿಸಿಕೊಂಡದ್ದು ಅರ್ಧ ದಿನ.

ನಮ್ಮ ಮನೆಯ ಟ್ರೇಲರ್ ಸೆಕೆಂಡ್ ಹ್ಯಾಂಡ್, ಕಾಂಟ್ರ್ಯಾಕ್ಟ್ ಇಲ್ಲ. ಅದಕ್ಕೆ ಹೋಗುತ್ತಿದ್ದ ದುಡ್ಡಿನ ಸಣ್ಣ ಪಾಲಿನಲ್ಲಿ ಜಾ ಹೊರಗಿನಿಂದ ಕಾಣುವಂಥ ಹಿಚ್ ಹಾಕಿಸಿಕೊಂಡೆ, ಹಿಚ್‌ಗೆ ಬೆಡ್ ಸೇವರ್ ಸೇರಿಸಿದೆ. ಪಿನ್ ಜಾರಿದರೆ ಅದರ ಉಕ್ಕಿನ ತೋಳು ಬೆಡ್ ಅಂಚಿಗೆ ಬೀಳುವ ಮೊದಲೇ ಪಿನ್ನನ್ನು ಹಿಡಿಯುತ್ತದೆ. ಕೆಲವು ನೂರು ಡಾಲರಿನ ವಸ್ತು, ನಿಮ್ಮ ಹಿಚ್‌ಗೆ ಹೊಂದುತ್ತದೆಯೇ ಎಂದು ನೋಡಿ ಕೊಳ್ಳಿ. ಆದರೂ ಎಳೆದು ನೋಡುವುದನ್ನು ಬಿಡಿಸುವ ವಸ್ತು ಅದಲ್ಲ. ಜೋಡಿಸುವಾಗ ಮಾತಾಡಿಸಬೇಡಿ ಎಂದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಫೋನ್ ಬಂದರೆ, ಮಗು ಕರೆದರೆ, ಪಕ್ಕದ ಕ್ಯಾಂಪಿನವರು ಬಂದು ನಿಂತರೆ, ಮತ್ತೆ ಮೊದಲಿನಿಂದ ಶುರು. ಹೊರಡುವ ಬೆಳಿಗ್ಗೆ ಎಲ್ಲರಿಗೂ ಅವಸರ. ಹತ್ತು ಗಂಟೆಗೆ ಜಾಗ ಖಾಲಿ ಮಾಡಬೇಕು, ಮಕ್ಕಳಿಗೆ ಹಸಿವು, ಹಿಂದೆ ಇನ್ನೊಂದು ಗಾಡಿ ಕಾಯುತ್ತಿರುತ್ತದೆ. ಕಾಯಲಿ. ನಿಮಗಾಗಿ ಕಾಯುವವರು ನಿಮ್ಮ ಬೆಡ್ ರಿಪೇರಿಗೆ ದುಡ್ಡು ಕೊಡುವುದಿಲ್ಲ.

ಈಗಾಗಲೇ ಸಹಿ ಹಾಕಿದವರಿಗೆ ಒಂದು ದಾರಿ ಇದೆ. ಇಂಥ ಕಾಂಟ್ರ್ಯಾಕ್ಟನ್ನು ಸಾಮಾನ್ಯವಾಗಿ ನಡುವೆ ರದ್ದು ಮಾಡಬಹುದು, ಉಳಿದ ಅವಧಿಗೆ ತಕ್ಕಂತೆ ಹಣ ವಾಪಸ್ ಬರುತ್ತದೆ. ಭಾವನ ಕರಾರಿನಲ್ಲಿ 84 ತಿಂಗಳಲ್ಲಿ 60 ಉಳಿದಿವೆ, ಲೆಕ್ಕಕ್ಕೆ 3,000 ಡಾಲರ್, ರದ್ದತಿ ಶುಲ್ಕ 50 ಕಳೆದು 2,950. ಇದುವರೆಗೆ ಕಾಂಟ್ರ್ಯಾಕ್ಟಿನ ಬಾಬ್ತು 24 ಕಂತಿನಲ್ಲಿ ಕಟ್ಟಿದ್ದು 993, ಅದರಲ್ಲಿ ಅಸಲಿಗೆ ಹೋದದ್ದು 302 ಮಾತ್ರ. ಬಾಕಿ ಅಸಲು 3,898ರಲ್ಲಿ 2,950 ತೀರಿದರೂ 948 ಡಾಲರ್ ಸಾಲದಲ್ಲಿ ಉಳಿಯುತ್ತದೆ. ಒಂದು ಡಾಲರೂ ಹಿಂದೆ ಬಾರದ ಎರಡು ವರ್ಷಕ್ಕೆ ಸುಮಾರು 1,940 ಹೋದಂತಾಯಿತು. ಇಷ್ಟಾದರೂ ಇವತ್ತು ಬಿಟ್ಟರೆ ಲಾಭವೇ. ಹಣ ಬರುವುದು ಭಾವನ ಕೈಗಲ್ಲ, ಸಾಲ ಕೊಟ್ಟ ಬ್ಯಾಂಕಿಗೆ. ಕಂತು ಇಳಿಯುವುದಿಲ್ಲ, ಸಾಲ ಬೇಗ ಮುಗಿಯುತ್ತದೆ. ರದ್ದತಿ ಪತ್ರ ಹೋದ ವಾರ ಅಂಚೆಗೆ ಬಿದ್ದಿದೆ. ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಆ 2,950 ಮುಂಗಡ ಕಂತಾಗಿ ಜಮೆಯಾಗಿದೆಯೋ ಅಸಲಿಗೆ ಜಮೆಯಾಗಿದೆಯೋ ನೋಡಬೇಕು. ಮುಂಗಡ ಎಂದಿದ್ದರೆ ಬ್ಯಾಂಕಿಗೆ ಫೋನ್ ಮಾಡಿ, ಅಸಲಿಗೆ ಬದಲಾಯಿಸಿ ಎಂದು ಬರಹದಲ್ಲೂ ಕೇಳಿ ಎಂದು ಅಕ್ಕನಿಗೆ ಹೇಳಿಟ್ಟಿದ್ದೇನೆ.