ಹಳೆಯ ಪಿಕ್‌ಅಪ್ ವಾಹನ: ದುರಸ್ತಿಯೋ, ಬದಲಾವಣೆಯೋ?

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಮನೆಮನೆಯಿಂದ ಕಸ ಸಂಗ್ರಹಿಸಿ ಸ್ವಚ್ಛ ಸಂಕೀರ್ಣಕ್ಕೆ ಸಾಗಿಸುವ ವಾಹನವು ಗ್ರಾಮ ಪಂಚಾಯತಿಯ ಚರಾಸ್ತಿಗಳಲ್ಲಿ ಜನರ ಕಣ್ಣಿಗೆ ಪ್ರತಿದಿನ ಬೀಳುವ ಆಸ್ತಿಯಾಗಿದೆ. ಅದು ಒಂದು ವಾರ ಬಾರದಿದ್ದರೆ ಕಸವು ಚರಂಡಿಗೋ ಕೆರೆಯ ಏರಿಗೋ ಬೀಳುತ್ತದೆ, ಇಲ್ಲವೇ ಬೀದಿಯ ಮೂಲೆಯಲ್ಲಿ ಬೆಂಕಿಗೆ ಆಹುತಿಯಾಗುತ್ತದೆ. ಹಸಿ ಕಸ, ಒಣ ಕಸವೆಂದು ಬೇರ್ಪಡಿಸಿಡಲು ಮನೆಯವರು ರೂಢಿಸಿಕೊಂಡಿದ್ದ ಅಭ್ಯಾಸವೂ ತಪ್ಪಿಹೋಗುತ್ತದೆ. ಆ ಅಭ್ಯಾಸವನ್ನು ಮರಳಿ ರೂಢಿಸುವುದು ವಾಹನವನ್ನು ರಿಪೇರಿ ಮಾಡಿಸುವುದಕ್ಕಿಂತ ಕಷ್ಟದ ಕೆಲಸ.

ಆದುದರಿಂದ ವಾಹನವು ಹಳೆಯದಾಗಿ ಪದೇ ಪದೇ ಗ್ಯಾರೇಜು ಸೇರತೊಡಗಿದಾಗ, ಅದನ್ನು ದುರಸ್ತಿಗೊಳಿಸಬೇಕೇ ಅಥವಾ ಬದಲಾಯಿಸಬೇಕೇ ಎಂಬ ಪ್ರಶ್ನೆ ಪಂಚಾಯತಿ ಸಭೆಯ ಮುಂದೆ ಬರುತ್ತದೆ. ಬಹುತೇಕ ಸಭೆಗಳಲ್ಲಿ ಈ ಪ್ರಶ್ನೆಯು ಗ್ಯಾರೇಜಿನ ಬಿಲ್ಲಿನ ಮೊತ್ತವೊಂದನ್ನೇ ನೋಡಿ ತೀರ್ಮಾನವಾಗುತ್ತದೆ. ಬಿಲ್ಲಿನ ಮೊತ್ತ ಎಷ್ಟು ಎಂಬುದಕ್ಕಿಂತ, ಆ ಮೊತ್ತದಿಂದ ಎಷ್ಟು ವರ್ಷಗಳ ಸೇವೆ ದೊರೆಯುತ್ತದೆ ಎಂಬುದೇ ತೀರ್ಮಾನಕ್ಕೆ ಆಧಾರವಾಗಬೇಕೆಂಬುದನ್ನು ಮನವರಿಕೆ ಮಾಡಿಕೊಡುವುದು ಈ ಪಾಠದ ಉದ್ದೇಶ.

1. ಮೊದಲು ನೋಡಬೇಕಾದ್ದು ಆರ್.ಸಿ. ಪುಸ್ತಕ

ವಾಹನದ ಬಾನೆಟ್ ತೆರೆಯುವ ಮುನ್ನ ಅದರ ನೋಂದಣಿ ಪುಸ್ತಕವನ್ನು ತೆರೆಯಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2023ರ ಜನವರಿಯಲ್ಲಿ ಮಾಡಲಾದ ತಿದ್ದುಪಡಿಯ ಪ್ರಕಾರ, 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳ ನೋಂದಣಿಯು ಮೊದಲ ನೋಂದಣಿಯ ದಿನಾಂಕದಿಂದ 15 ವರ್ಷಗಳಿಗೆ ಕೊನೆಗೊಳ್ಳುತ್ತದೆ. ಅದನ್ನು ಮತ್ತೆ ನವೀಕರಿಸಲು ಅವಕಾಶವಿಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ವಾಹನಗಳಷ್ಟೇ ಅಲ್ಲದೆ ಮಹಾನಗರ ಪಾಲಿಕೆ, ಪುರಸಭೆ ಹಾಗೂ ಪಂಚಾಯತಿಗಳ ವಾಹನಗಳಿಗೂ ಈ ನಿಯಮ ಅನ್ವಯಿಸುತ್ತದೆ. ಅವಧಿ ಮುಗಿದ ವಾಹನವನ್ನು ನೋಂದಾಯಿತ ವಾಹನ ಗುಜರಿ ಕೇಂದ್ರದ ಮೂಲಕವೇ ವಿಲೇವಾರಿ ಮಾಡಬೇಕಾಗುತ್ತದೆ.

ಇದರ ಅರ್ಥ ಸ್ಪಷ್ಟವಾಗಿದೆ. 2013ರಲ್ಲಿ ನೋಂದಣಿಯಾದ ವಾಹನದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ 2028ರ ನಂತರ ಅದು ರಸ್ತೆಗೆ ಇಳಿಯುವಂತಿಲ್ಲ. ಅದಕ್ಕೆ ಇಂದು ಹಾಕುವ ಹಣವು ಆ ದಿನಾಂಕದವರೆಗೆ ಮಾತ್ರ ಫಲ ಕೊಡುತ್ತದೆ.

ಎರಡನೆಯದು ಅರ್ಹತಾ ಪ್ರಮಾಣಪತ್ರ, ಅಂದರೆ ಎಫ್.ಸಿ. ಸಾರಿಗೆ ವಾಹನಕ್ಕೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ನಂತರ ಪ್ರತಿ ವರ್ಷ ಎಫ್.ಸಿ. ನವೀಕರಿಸಬೇಕು. ಮೋಟಾರು ವಾಹನಗಳ ಅಧಿನಿಯಮ 1988ರ 56ನೇ ಪ್ರಕರಣದ ಪ್ರಕಾರ ಎಫ್.ಸಿ. ಇಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸುವುದಿಲ್ಲ. 146ನೇ ಪ್ರಕರಣದ ಪ್ರಕಾರ ಮೂರನೇ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ವಿಮೆ ಕಡ್ಡಾಯ. ಈ ದಾಖಲೆಗಳಿಲ್ಲದೆ ಓಡುವ ವಾಹನದಿಂದ ಅಪಘಾತ ಸಂಭವಿಸಿದರೆ ಪರಿಹಾರದ ಹೊಣೆ ಪಂಚಾಯತಿಯ ಮೇಲೆಯೇ ಬೀಳುವ ಸಂಭವವಿದೆ. ರಾಜ್ಯದ ಅನೇಕ ಕಡೆ ಈ ವಾಹನಗಳನ್ನು ಸ್ವಸಹಾಯ ಸಂಘಗಳ ಒಕ್ಕೂಟದ ಮಹಿಳೆಯರೇ ಚಲಾಯಿಸುತ್ತಿದ್ದಾರೆ ಎಂಬುದನ್ನು ಸದಸ್ಯರು ಮರೆಯಬಾರದು. ಬ್ರೇಕ್ ಹಿಡಿಯದ ವಾಹನದ ಕೀಲಿಯನ್ನು ಅವರ ಕೈಗೆ ಕೊಡುವ ಅಧಿಕಾರ ಯಾವ ಸಭೆಗೂ ಇಲ್ಲ.

2. ವಾಹನದ ಸ್ಥಿತಿಯನ್ನು ಅರಿಯುವ ಬಗೆ

ಸದಸ್ಯರು ಮೆಕ್ಯಾನಿಕ್‌ಗಳಾಗಬೇಕಿಲ್ಲ. ಆದರೆ ತಾಂತ್ರಿಕ ವರದಿಯಲ್ಲಿ ಏನೇನು ಇರಬೇಕೆಂದು ಕೇಳುವಷ್ಟು ತಿಳಿವಳಿಕೆ ಅವಶ್ಯ.

ಅ) ಚಾಸಿ: ಹಸಿ ಕಸದಿಂದ ಸೋರುವ ಕೊಳೆನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಕಸ ತುಂಬುವ ಬಾಡಿಯ ತಗಡು ತೂತಾಗಿದ್ದರೆ ಹೊಸ ತಗಡು ಹಾಕಿಸಬಹುದು. ಅದೇನೂ ದೊಡ್ಡ ಸಂಗತಿಯಲ್ಲ. ಆದರೆ ಬಾಡಿಯ ಕೆಳಗೆ ಇಡೀ ವಾಹನದ ಭಾರವನ್ನು ಹೊರುವ ಚಾಸಿಯೇ ತುಕ್ಕು ಹಿಡಿದು ತೆಳುವಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ, ಎಂಜಿನ್ನಿಗೆ ಹಣ ಹಾಕುವುದು ವ್ಯರ್ಥ. ಆದ್ದರಿಂದ ಮೊದಲ ಪರೀಕ್ಷೆ ಚಾಸಿಯದ್ದಾಗಿರಬೇಕು.

ಆ) ಎಂಜಿನ್: ಹೊಗೆಯ ಬಣ್ಣವು ಸಾಕಷ್ಟು ವಿಷಯವನ್ನು ತಿಳಿಸುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗುಗಳು ಸವೆದಿರುವ ಸಾಧ್ಯತೆಯುಂಟು. ಕಪ್ಪು ಹೊಗೆಗೆ ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಕೆಟ್ಟ ಇಂಜೆಕ್ಟರ್ ಕಾರಣವಿರಬಹುದು. ಇದು ಸಾಮಾನ್ಯವಾಗಿ ಕಡಿಮೆ ಖರ್ಚಿನ ದೋಷ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರು ಪದೇ ಪದೇ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ನಡೆಸದೆ ‘ಎಂಜಿನ್ ಬೋರಿಗೆ ಬಂದಿದೆ’ ಎಂಬ ಮಾತನ್ನು ಒಪ್ಪಬಾರದು.

ಇ) ಬ್ರೇಕ್, ಸ್ಟೀರಿಂಗ್, ಟೈರು: ಇವು ಸುರಕ್ಷತೆಯ ಭಾಗಗಳು. ವಾಹನವನ್ನು ಒಂದೇ ತಿಂಗಳು ಓಡಿಸುವುದಿದ್ದರೂ ಇವುಗಳ ದುರಸ್ತಿಯನ್ನು ಮುಂದೂಡುವಂತಿಲ್ಲ.

ಈ) ಬಿಡಿಭಾಗ: ಆ ಮಾದರಿಯ ತಯಾರಿಕೆ ನಿಂತಿದೆಯೇ, ಬಿಡಿಭಾಗಗಳು ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ದೊರೆಯುತ್ತವೆಯೇ ಎಂದು ವಿಚಾರಿಸಬೇಕು. ಭಾಗವೊಂದು ಬರಲು ಮೂರು ವಾರ ಬೇಕಾದರೆ ಆ ಮೂರು ವಾರ ಕಸ ಎತ್ತುವವರು ಯಾರು?

ಪರೀಕ್ಷೆ ಮಾಡುವವರು ಹಾಗೂ ದುರಸ್ತಿಯ ಕೆಲಸ ಪಡೆಯುವವರು ಒಬ್ಬರೇ ಆಗಿರಬಾರದು. ಸಾಧ್ಯವಿರುವೆಡೆ ಮೋಟಾರು ವಾಹನ ನಿರೀಕ್ಷಕರ ಅಥವಾ ಸಮೀಪದ ಸರ್ಕಾರಿ ಐ.ಟಿ.ಐ.ನ ಮೋಟಾರು ಮೆಕ್ಯಾನಿಕ್ ವಿಭಾಗದ ಬೋಧಕರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವುದು ಒಳಿತು.

3. ವರ್ಷವಾರು ವೆಚ್ಚದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ಗ್ರಾಮ ಪಂಚಾಯತಿಗಳನ್ನು ಊಹಿಸಿಕೊಳ್ಳಿ. ಎರಡರ ವಾಹನಕ್ಕೂ 2026ರಲ್ಲಿ ಎಂಜಿನ್ ದುರಸ್ತಿಗಾಗಿ 1,20,000 ರೂಪಾಯಿಗಳ ಅಂದಾಜು ಪಟ್ಟಿ ಬಂದಿದೆ. ಮೊದಲನೆಯ ಪಂಚಾಯತಿಯ ವಾಹನ 2013ರಲ್ಲಿ, ಎರಡನೆಯದರ ವಾಹನ 2020ರಲ್ಲಿ ನೋಂದಣಿಯಾಗಿದೆ. ಎರಡೂ ವರ್ಷಕ್ಕೆ 12,000 ಕಿಲೋಮೀಟರ್ ಓಡುತ್ತವೆ. ಡೀಸೆಲ್ ದರ ಲೀಟರಿಗೆ 90 ರೂಪಾಯಿ, ವಾಹನ ಕೆಟ್ಟ ದಿನಗಳಲ್ಲಿ ಬಾಡಿಗೆ ವಾಹನಕ್ಕೆ ದಿನಕ್ಕೆ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ವಿಮೆ ಮತ್ತು ಚಾಲಕರ ಗೌರವಧನವನ್ನು ಎಲ್ಲ ಕಡೆ ಸಮಾನವೆಂದು ಭಾವಿಸಿ ಬಿಟ್ಟಿದೆ. ಈ ಅಂಕಿಗಳು ಅಧ್ಯಯನಕ್ಕಾಗಿ ಇಟ್ಟುಕೊಂಡವು. ತಮ್ಮ ಪಂಚಾಯತಿಯ ಅಂಕಿಗಳನ್ನು ಇವುಗಳ ಜಾಗದಲ್ಲಿ ತುಂಬಿಕೊಳ್ಳಬೇಕು.

ಮೊದಲನೆಯ ವಾಹನ (2013): ಉಳಿದ ಅವಧಿ 2 ವರ್ಷ. ದುರಸ್ತಿಯ ವರ್ಷವಾರು ಹೊರೆ 60,000. ಇತರ ನಿರ್ವಹಣೆ 40,000. ಲೀಟರಿಗೆ 12 ಕಿ.ಮೀ. ಲೆಕ್ಕದಲ್ಲಿ ಇಂಧನ 90,000. ಕೆಟ್ಟು ನಿಲ್ಲುವ 15 ದಿನಗಳ ಬಾಡಿಗೆ 22,500. ಒಟ್ಟು ವರ್ಷಕ್ಕೆ 2,12,500 ರೂಪಾಯಿ.

ಎರಡನೆಯ ವಾಹನ (2020): ನೋಂದಣಿಯ ಅವಧಿ 2035ರವರೆಗೆ ಇದೆ, ಆದರೆ ದುರಸ್ತಿಯಾದ ಎಂಜಿನ್ 5 ವರ್ಷ ಬಾಳುತ್ತದೆಂದು ಮಿತವಾಗಿಯೇ ಎಣಿಸೋಣ. ದುರಸ್ತಿಯ ಹೊರೆ 24,000. ಇತರ ನಿರ್ವಹಣೆ 28,000. ಲೀಟರಿಗೆ 15 ಕಿ.ಮೀ.ನಂತೆ ಇಂಧನ 72,000. ಕೆಟ್ಟು ನಿಲ್ಲುವ 6 ದಿನಗಳ ಬಾಡಿಗೆ 9,000. ಒಟ್ಟು 1,33,000 ರೂಪಾಯಿ.

ಹೊಸ ವಾಹನ: ನೋಂದಣಿ ಮತ್ತು ಬಾಡಿ ಸೇರಿ ಬೆಲೆ 7,80,000, ಬಾಳಿಕೆ 12 ವರ್ಷ. ವರ್ಷಕ್ಕೆ 65,000. ನಿರ್ವಹಣೆ 20,000. ಲೀಟರಿಗೆ 16 ಕಿ.ಮೀ.ನಂತೆ ಇಂಧನ 67,500. ಕೆಟ್ಟು ನಿಲ್ಲುವ 4 ದಿನಗಳ ಬಾಡಿಗೆ 6,000. ಒಟ್ಟು 1,58,500 ರೂಪಾಯಿ.

ದುರಸ್ತಿಯ ಬಿಲ್ಲು ಒಂದೇ. ತೀರ್ಮಾನ ಮಾತ್ರ ಬೇರೆ ಬೇರೆ. ಮೊದಲನೆಯ ಪಂಚಾಯತಿಗೆ ಹೊಸ ವಾಹನ ಲಾಭಕರ. ಎರಡನೆಯದಕ್ಕೆ ದುರಸ್ತಿ ಲಾಭಕರ. ‘7,80,000ದ ಮುಂದೆ 1,20,000 ಕಡಿಮೆಯಲ್ಲವೇ’ ಎಂಬ ವಾದದಿಂದ ಮೊದಲನೆಯ ಪಂಚಾಯತಿ ಮೋಸಹೋಗುತ್ತದೆ. ‘ಇಷ್ಟು ದೊಡ್ಡ ಬಿಲ್ಲು ಬಂದಮೇಲೆ ಹೊಸದನ್ನೇ ಕೊಳ್ಳೋಣ’ ಎಂಬ ವಾದದಿಂದ ಎರಡನೆಯದು ಮೋಸಹೋಗುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ನೋಡೋಣ. ಮೊದಲನೆಯ ವಾಹನಕ್ಕೆ ಎಂಜಿನ್ ಕೆಲಸ ಬೇಕಿಲ್ಲದೆ, ಕ್ಲಚ್ ಮತ್ತು ಬ್ರೇಕಿಗೆ 25,000 ರೂಪಾಯಿ ಮಾತ್ರ ಸಾಕೆನ್ನೋಣ. ಆಗ ವರ್ಷದ ವೆಚ್ಚ 1,65,000ಕ್ಕೆ ಇಳಿಯುತ್ತದೆ. ಹೊಸ ವಾಹನದ ವೆಚ್ಚಕ್ಕೆ ಇದು ಬಹುತೇಕ ಸಮ. ಇಂತಹ ಸಂದರ್ಭದಲ್ಲಿ ಹಳೆಯದನ್ನೇ ಅವಧಿ ಮುಗಿಯುವವರೆಗೆ ಓಡಿಸಿ, ಅಷ್ಟರೊಳಗೆ ಹೊಸದಕ್ಕೆ ಹಣ ಹೊಂದಿಸಿಕೊಳ್ಳುವುದು ವಿವೇಕ.

4. ಲಾಗ್ ಪುಸ್ತಕವಿಲ್ಲದೆ ಲೆಕ್ಕವಿಲ್ಲ

ಮೇಲಿನ ಲೆಕ್ಕಕ್ಕೆ ಬೇಕಾದ ಅಂಕಿಗಳು ಗ್ಯಾರೇಜಿನಲ್ಲಿ ಸಿಗುವುದಿಲ್ಲ. ಲಾಗ್ ಪುಸ್ತಕದಲ್ಲಿ ಸಿಗುತ್ತವೆ. ದಿನಾಂಕ, ಓಡಿದ ಕಿಲೋಮೀಟರ್, ತುಂಬಿಸಿದ ಇಂಧನ, ದುರಸ್ತಿಯ ವಿವರ ಮತ್ತು ಮೊತ್ತ, ವಾಹನ ನಿಂತ ದಿನಗಳು, ಇಷ್ಟನ್ನು ಬರೆದಿಟ್ಟರೆ ಸಾಕು. ಮೈಲೇಜು ತಿಳಿಯಲು ಟ್ಯಾಂಕನ್ನು ಪೂರ್ತಿ ತುಂಬಿಸಿ ಮೀಟರ್ ಬರೆದುಕೊಳ್ಳಬೇಕು. ಮುಂದಿನ ಸಲ ಪೂರ್ತಿ ತುಂಬಿಸುವಾಗ ಹಿಡಿದ ಲೀಟರುಗಳಿಂದ ನಡುವೆ ಓಡಿದ ಕಿಲೋಮೀಟರನ್ನು ಭಾಗಿಸಬೇಕು. ಚಾಲಕಿಯ ಅನುಭವವೂ ಒಂದು ದಾಖಲೆಯೇ ಸರಿ. ಏರಿನಲ್ಲಿ ಎಳೆಯುವುದಿಲ್ಲ, ಗೇರು ಜಾರುತ್ತದೆ ಎಂಬ ಅವರ ಮಾತನ್ನು ಅದೇ ಪುಸ್ತಕದಲ್ಲಿ ಬರೆಸಬೇಕು. ತೀರ್ಮಾನ ಕೈಗೊಳ್ಳುವ ಸಭೆಗೆ ಅವರನ್ನೂ ಆಹ್ವಾನಿಸಬೇಕು.

5. ಎರಡು ತಪ್ಪು ದಾರಿಗಳು

ಮೊದಲನೆಯದು, ‘ಕಳೆದ ವರ್ಷವಷ್ಟೇ ಎಂಬತ್ತು ಸಾವಿರ ಹಾಕಿದ್ದೇವೆ, ಈಗ ಬಿಡುವುದು ಹೇಗೆ’ ಎಂಬ ಮಾತು. ಖರ್ಚಾದ ಹಣ ದುರಸ್ತಿ ಮಾಡಿಸಿದರೂ ಮರಳದು, ಮಾಡಿಸದಿದ್ದರೂ ಮರಳದು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆ ಇಲ್ಲಿಗೆ ತಕ್ಕುದು. ಇನ್ನು ಮುಂದೆ ಆಗುವ ವೆಚ್ಚ ಮತ್ತು ದೊರೆಯುವ ಸೇವೆ, ಇವೆರಡೇ ಲೆಕ್ಕಕ್ಕೆ ಬರಬೇಕು.

ಎರಡನೆಯದು, ‘ಅನುದಾನ ಬಂದಿದೆ, ಹೊಸದು ಕೊಳ್ಳೋಣ’ ಎಂಬ ಮಾತು. ಅನುದಾನವು ವಾಹನದ ಬೆಲೆಯನ್ನು ಭರಿಸಬಹುದು; ಆದರೆ ಡೀಸೆಲ್, ವಿಮೆ, ಟೈರು, ಚಾಲಕರ ಗೌರವಧನಗಳು ತಿಂಗಳು ತಿಂಗಳೂ ಬೇಕು. ಮನೆಗಳಿಂದ ಸಂಗ್ರಹವಾಗುವ ನೈರ್ಮಲ್ಯ ಶುಲ್ಕ ಮತ್ತು ಒಣ ಕಸದ ಮಾರಾಟದ ಆದಾಯವು ಈ ವೆಚ್ಚದ ಎಷ್ಟು ಭಾಗವನ್ನು ಹೊರುತ್ತದೆ ಎಂದು ಮೊದಲೇ ನೋಡಬೇಕು. ಇಲ್ಲವಾದರೆ ಹಳೆಯ ವಾಹನ ನಿಂತ ಜಾಗದಲ್ಲಿಯೇ ಹೊಸದೂ ನಿಲ್ಲುತ್ತದೆ. ವಿದ್ಯುತ್ ವಾಹನವನ್ನು ಪರಿಗಣಿಸುವವರು ಪ್ರತಿದಿನ ಓಡುವ ದೂರ, ಚಾರ್ಜ್ ಮಾಡುವ ಸ್ಥಳ ಮತ್ತು ಬ್ಯಾಟರಿ ಬದಲಾವಣೆಯ ವೆಚ್ಚವನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

6. ಸಭೆಯಲ್ಲಿ ಅನುಸರಿಸಬೇಕಾದ ಕ್ರಮ

ವಿಷಯವನ್ನು ಕಾರ್ಯಸೂಚಿಯಲ್ಲಿ ಮುಂಚಿತವಾಗಿ ಸೇರಿಸಿ. ಇತರೆ ವಿಷಯವೆಂದು ಕೊನೆಯಲ್ಲಿ ತರಬೇಡಿ. ಆರ್.ಸಿ., ಎಫ್.ಸಿ. ಮತ್ತು ವಿಮೆಯ ಪ್ರತಿಗಳು, ಹಿಂದಿನ ಎರಡು ವರ್ಷಗಳ ಲಾಗ್ ಪುಸ್ತಕದ ಸಾರಾಂಶ, ತಾಂತ್ರಿಕ ವರದಿ ಹಾಗೂ ದರಪಟ್ಟಿಗಳನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಸಭೆಯ ಮುಂದೆ ಮಂಡಿಸಬೇಕು. ವರ್ಷವಾರು ವೆಚ್ಚದ ತುಲನೆಯನ್ನು ನಡಾವಳಿಯಲ್ಲಿಯೇ ದಾಖಲಿಸಬೇಕು. ಮುಂದೆ ಲೆಕ್ಕ ಪರಿಶೋಧನೆಯಲ್ಲಿಯಾಗಲಿ ಗ್ರಾಮಸಭೆಯಲ್ಲಿಯಾಗಲಿ ಪ್ರಶ್ನೆ ಬಂದಾಗ ಸದಸ್ಯರ ಪರವಾಗಿ ಮಾತನಾಡುವುದು ಆ ಪುಟವೇ.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ಕ್ಕೆ ಅನುಗುಣವಾಗಿರಬೇಕು. ಹಳೆಯ ವಾಹನದ ವಿಲೇವಾರಿಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ಪಡೆಯಬೇಕು. ಗುಜರಿ ಕೇಂದ್ರವು ನೀಡುವ ಠೇವಣಿ ಪ್ರಮಾಣಪತ್ರವನ್ನು ಜೋಪಾನವಾಗಿಡಬೇಕು. ಅದರ ಆಧಾರದ ಮೇಲೆ ಹೊಸ ವಾಹನ ಕೊಂಡಾಗ ನೋಂದಣಿ ಶುಲ್ಕದಿಂದ ವಿನಾಯಿತಿ ದೊರೆಯುತ್ತದೆಯೇ ಎಂದು ವಿಚಾರಿಸಬೇಕು. ಹೊಸ ವಾಹನ ಬರುವವರೆಗಿನ ತಿಂಗಳುಗಳಲ್ಲಿ ಕಸ ಎತ್ತುವುದು ಹೇಗೆ, ಬಾಡಿಗೆ ವಾಹನದಿಂದಲೋ ನೆರೆಯ ಪಂಚಾಯತಿಯ ಸಹಕಾರದಿಂದಲೋ ಎಂಬುದನ್ನು ಅದೇ ಸಭೆಯಲ್ಲಿ ನಿರ್ಧರಿಸಬೇಕು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯತಿಯ ವಾಹನದ ನೋಂದಣಿ ಯಾವ ದಿನಾಂಕಕ್ಕೆ ಕೊನೆಗೊಳ್ಳುತ್ತದೆ? ಎಫ್.ಸಿ. ಮತ್ತು ವಿಮೆ ಚಾಲ್ತಿಯಲ್ಲಿವೆಯೇ?

2. ಕಳೆದ ವರ್ಷ ವಾಹನವು ಎಷ್ಟು ದಿನ ನಿಂತಿತ್ತು? ಆ ದಿನಗಳಲ್ಲಿ ಕಸ ಎಲ್ಲಿಗೆ ಹೋಯಿತು?

3. ನಮ್ಮದೇ ಅಂಕಿಗಳನ್ನು ಹಾಕಿದಾಗ ದುರಸ್ತಿ ಮತ್ತು ಬದಲಾವಣೆಗಳ ವರ್ಷವಾರು ವೆಚ್ಚ ಎಷ್ಟಾಗುತ್ತದೆ?

4. ನೋಂದಣಿ ಮುಗಿಯುವ ವರ್ಷಕ್ಕೆ ಹೊಸ ವಾಹನದ ಹಣವನ್ನು ಇಂದಿನ ಕ್ರಿಯಾ ಯೋಜನೆಯಿಂದಲೇ ಹೇಗೆ ಹೊಂದಿಸಿಕೊಳ್ಳಬಹುದು?

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರಗಳನ್ನು ಮುಂದಿನ ಸಾಮಾನ್ಯ ಸಭೆಗೆ ಮುನ್ನ ಬರೆದಿಟ್ಟುಕೊಳ್ಳಲು ಸದಸ್ಯರನ್ನು ಕೋರಲಾಗಿದೆ. ವಾಹನ ಕೆಟ್ಟು ನಿಂತ ದಿನ ಆತುರದಲ್ಲಿ ಲೆಕ್ಕ ಹಾಕುವುದಕ್ಕಿಂತ, ಅದು ಓಡುತ್ತಿರುವಾಗಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಮೇಲು.